ಬ್ಯಾಡ್ಜ್ ಎಲ್ಲಿ?

ಆಸ್ಪತ್ರೆಯ ಮುಂದಿನ ಗೇಟಿನಲ್ಲಿ, ರೋಗಿಗಳನ್ನು ನೋಡಲು ಬಿಡುವ ಹೊತ್ತಿಗಾಗಿ ಕಾಯುತ್ತಿದ್ದೆ. ಗೇಟು ಕಾಯುವವನು ಕೈಯಲ್ಲಿ ನೋಟಿಸು ಹಿಡಿದು ಮುಖ ಊದಿಸಿಕೊಂಡಿದ್ದ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅವನ ತಂಗಿಗೆ ನಗು ತಡೆಯಲಾಗುತ್ತಿರಲಿಲ್ಲ.

“ದೊಡ್ಡ ಡಾಕ್ಟ್ರನ್ನೇ ಆಚೆ ಕಳಿಸ್ದ್ಯಾ?”

“ಬ್ಯಾಡ್ಜ್ ಇರ್ಲಿಲ್ಲ, ಕಳಿಸ್ದೆ. ಇನ್ನೊಂದ್ಸಲ ಹಿಂಗಾದ್ರೆ ಕೆಲ್ಸ ಇಲ್ಲ ಅಂತ ಬರ್ದಿದ್ದಾರೆ.”

“ನಮ್ಮ ರಕ್ತದಲ್ಲೂ ನಿನ್ನಂಥ ಜೀವಕೋಶಗಳಿವೆ ಕಣೋ ಅಣ್ಣ. ಕಳ್ಳನ ಮುಖ ಹುಡುಕೋದಿಲ್ಲ. ಎದುರಿಗೆ ಸಿಕ್ಕ ಜೀವಕೋಶದ ಮೇಲೆ ನಮ್ಮೋರು ಅನ್ನೋ ಗುರುತು ಕಾಣ್ಲಿಲ್ವಾ, ಕೊಂದೇ ಬಿಡ್ತವೆ.”

“ಗುರುತು ಎಲ್ಲಿಗೆ ಹೋಗುತ್ತೆ?”

“ವೈರಸ್ ನಮ್ದೇ ಜೀವಕೋಶದ ಒಳಗೆ ಸೇರ್ಕೊಂಡ್ರೆ ಎಷ್ಟೋ ಸಲ ಅದರ ಗುರುತನ್ನ ಮುಚ್ಚಿಡುತ್ತೆ.”

“ನನ್ನಂಥ ಆ ಜೀವಕೋಶಗಳಿಗೆ ಗುರುತು ನೋಡೋದು ಹೇಳ್ಕೊಟ್ಟೋರ್ಯಾರು?”

“ಬೆಳೆಯೋವಾಗ ಸುತ್ತಮುತ್ತ ಆ ಗುರುತನ್ನ ನೋಡಿ ನೋಡಿ ಕಲೀತವೆ. ನೋಡದೆ ಬೆಳೆದವು ಯಾರು ಬಂದ್ರೂ ತೂಕಡಿಸ್ತವೆ.”

“ಹಿಂದಿನ ಗೇಟಲ್ಲಿರೋ ನಿನ್ ಗಂಡನ ಥರ.”

“ನನ್ ಗಂಡನ ಸುದ್ದಿಗೆ ಬರ್ಬೇಡ. ಸರಿ, ನಂಗೆ ಹೊತ್ತಾಯ್ತು.”

ಅವಳು ಒಳಗೆ ಕಾಲಿಡುವಷ್ಟರಲ್ಲಿ ಅಣ್ಣ ಕೈ ಅಡ್ಡ ಹಿಡಿದ.

“ಬ್ಯಾಡ್ಜ್ ಎಲ್ಲಿ?”

“ಅಯ್ಯೋ, ಮನೇಲೇ ಬಿಟ್ ಬಂದೆ. ನಾನು ಕಣೋ, ನಿನ್ ತಂಗಿ!”

“ದೊಡ್ಡ ಡಾಕ್ಟ್ರೂ ‘ನಾನು ಕಣಯ್ಯಾ’ ಅಂತ್ಲೇ ಅಂದಿದ್ದು.”

ಅವಳು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಬೈಯುತ್ತಲೇ ಹಿಂದಿನ ಗೇಟಿನ ಕಡೆ ನಡೆದಳು.