ಹರಿದ ಅಂಚಿನ ರೊಟ್ಟಿ

‘ಬೆರಳು ತಾನಾಗಿ ನೆನಪು ಮಾಡಿಕೊಳ್ಳುತ್ತದೆ’ ಎಂದಿದ್ದರೋ, ‘ನಾವೇ ನೆನಪು ಮಾಡಿಕೊಡಬೇಕು’ ಎಂದಿದ್ದರೋ, ಈಗ ಸರಿಯಾಗಿ ಹೇಳಲಾರೆ. ಹೇಳಿದ ಶಮಾ ಮೇಡಂ, ನನ್ನ ಬೆರಳಿಗೆ ವ್ಯಾಯಾಮ ಮಾಡಿಸಿದವರು, ಇಲ್ಲೇ ಕೂತಿದ್ದಾರೆ. ಆದರೆ ತಮ್ಮ ಬೀಳ್ಕೊಡುಗೆಯ ದಿನವೂ ಅವರಿಂದ ಕೆಲಸ ತೆಗೆಯುವುದು ಸರಿಯಲ್ಲ.

ಕ್ಷಮಿಸಿ, ಮೊದಲು ಹೇಳಬೇಕಾದ್ದು ಉಳಿದೇಹೋಯಿತು. ಅಧ್ಯಕ್ಷತೆ ವಹಿಸಿರುವ ವಿಮಾ ಕಚೇರಿಯ ವಿಜಯಕುಮಾರ ಸರ್ ಅವರೇ, ಬಳ್ಳಾರಿಯ ಈ ಪುನಶ್ಚೇತನ ಕೇಂದ್ರದ ಸಿಬ್ಬಂದಿಯವರೇ, ನನ್ನಂತೆಯೇ ಇಲ್ಲಿಗೆ ಬಂದು ರಿಪೇರಿಯಾದ ಸಭಿಕರೇ, ನಾನು ಕಾಡಸಿದ್ದಪ್ಪ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವನು.

ಬಲಗೈ ಯಂತ್ರದ ಪಟ್ಟಾದಲ್ಲಿ ಸಿಕ್ಕ ದಿನದ ಬಗ್ಗೆ ಹೇಳುವುದಿಲ್ಲ. ಆಪರೇಷನ್ನಿಗೆ, ಔಷಧಕ್ಕೆ, ಇಲ್ಲಿ ಬೆರಳು ಬಗ್ಗಿಸುವುದಕ್ಕೆ, ಕೊನೆಗೆ ಬಸ್ಸಿಗೂ ವಿಮೆಯೇ ದುಡ್ಡು ಕೊಟ್ಟಿತು. ಯಾರದೋ ಕಚೇರಿ ನನ್ನ ಬೆರಳಿನ ಬಗ್ಗೆ ಯೋಚಿಸುತ್ತದೆ ಎಂಬುದು ನನಗೆ ಇವತ್ತಿಗೂ ವಿಚಿತ್ರವೇ.

ಬೆರಳಿಗೆ ಬಲ ಬರಲೆಂದು ಮನೆಯಲ್ಲಿ ನಾದಲು ಮೇಡಂ ಬಣ್ಣದ ಮಣ್ಣು ಕೊಟ್ಟಿದ್ದರು. ನನ್ನ ಹೆಂಡತಿ ಉಚ್ಚೆಂಗೆಮ್ಮ ಅದನ್ನು ಮೂಸಿ ನೋಡಿ ಗೂಡಿನಲ್ಲಿಟ್ಟಳು. ‘ನಾದೋದಾದ್ರ ತಿನ್ನೋದನ್ನ ನಾದ್ರಿ’ ಎಂದು ಜೋಳದ ಹಿಟ್ಟು ಮುಂದಿಟ್ಟಳು. ಮೇಡಂ ನಕ್ಕು ಒಪ್ಪಿದರು.

ಗಂಡಸು ರೊಟ್ಟಿ ಬಡಿಯುವುದನ್ನು ನಮ್ಮ ಓಣಿ ನೋಡಿರಲಿಲ್ಲ. ನಾನು ಬಾಗಿಲು ಮುಚ್ಚುತ್ತಿದ್ದೆ, ಹೊಗೆ ಎಂದು ಅವಳು ತೆರೆಯುತ್ತಿದ್ದಳು. ಒಂದು ದಿನ ಆ ಬಾಗಿಲಲ್ಲಿ ವಿಜಯಕುಮಾರ ಸರ್ ನಿಂತಿದ್ದರು, ಪರಿಶೀಲನೆಗೆ. ರೊಟ್ಟಿ ಬಡಿಯುವ ಕೈಗೆ ಚಿಕಿತ್ಸೆ ಏಕೆ? ಯಾರಿಗೇ ಆಗಲಿ ಹಾಗೆ ಅನಿಸದೇ? ವಿಮೆ ನಿಂತಿತು. ಅರ್ಧ ಮಡಚಿದ ಮುಷ್ಟಿ ಅರ್ಧಕ್ಕೇ ಉಳಿಯಿತು. ಹಿಡಿಕೆ ಹಿಡಿಯಲಾಗದವನಿಗೆ ಗಿರಣಿಯಲ್ಲಿ ಏನು ಕೆಲಸ?

ಉಚ್ಚೆಂಗೆಮ್ಮ ಜಗಳವಾಡಲಿಲ್ಲ. ನಾನು ಬಡಿದ ರೊಟ್ಟಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ವಿಮಾ ಕಚೇರಿಯಲ್ಲಿ ಸರ್ ಅವರ ಮೇಜಿನ ಮೇಲೆ ಅದನ್ನು ಬಿಚ್ಚಿಟ್ಟಳು.

‘ನೋಡ್ರಿ, ನಡುವ ಅಂಗೈ ಬಿದ್ದೈತಿ. ಅಂಚಿಗೆ ಬೆರಳು ಬಂದಿಲ್ಲ, ಹರದೈತಿ. ಆರಾಮಾದ ಕೈ ಹಿಂಗ ಬಡೀತೈತೇನ್ರಿ?’

ಸರ್ ಕುರುಗೋಡಿನವರು, ರೊಟ್ಟಿ ಬಲ್ಲವರು. ತಿರುವಿ ನೋಡಿ, ‘ಇಂಥಾ ರೊಟ್ಟೀನ ನಮ್ಮವ್ವ ದನಕ್ಕ ಹಾಕ್ತಿದ್ಲಮ್ಮ’ ಎಂದರು.

‘ನಮ್ಮನ್ಯಾಗ ಇವ್ರ ತಿಂತಾರ್ರಿ.’

ನಗಬೇಡಿ, ಅಧ್ಯಕ್ಷರೂ ಅಂದು ಹೀಗೆಯೇ ನಕ್ಕರು. ನಕ್ಕವರು ಶಮಾ ಮೇಡಂ ಅವರನ್ನು ಕರೆಸಿ ಕೇಳಿದರು, ಮರುವಾರ ನನ್ನ ಚಿಕಿತ್ಸೆ ಮುಂದುವರಿಯಿತು. ತಪ್ಪಿ ನಿಲ್ಲಿಸಿದ್ದನ್ನು ತಾವೇ ಮತ್ತೆ ನಡೆಸಿಕೊಟ್ಟವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಮೇಡಂ ಅವರಿಗೆ ಹೇಳುವುದಂತೂ ಕೈಯೇ ಹೇಳಲಿ. ಇಗೋ, ಪೂರ್ತಿ ಮುಚ್ಚುತ್ತದೆ.

ರೊಟ್ಟಿಯ ಅಂಚು ದುಂಡಗಾದ ದಿನ ಉಚ್ಚೆಂಗೆಮ್ಮ ಹಿಟ್ಟು ನಾದುವ ಕೊಣಮಿಗೆಯನ್ನು ತನ್ನ ಕಡೆ ಎಳೆದುಕೊಂಡಳು. ಮರುದಿನ ನಾನು ಗಿರಣಿಗೆ ಹೋದೆ. ಈಗ ಮನೆಗೆ ಬರುವಷ್ಟರಲ್ಲಿ ಅಡುಗೆಯಾಗಿರುತ್ತದೆ, ತಟ್ಟೆ ಮುಚ್ಚಿರುತ್ತದೆ. ನಾನು ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಅವಳು ಹೇಳುತ್ತಿದ್ದ ಓಣಿಯ ಸುದ್ದಿ ಈಗ ಯಾರಿಗೆ ಹೇಳುತ್ತಾಳೋ. ಈ ಸಭೆಗೂ ಬರಲಿಲ್ಲ. ರೊಟ್ಟಿ ಬಡಿದದ್ದಕ್ಕೂ ಸಭೆಯೇ ಎಂದು ಕೇಳಿದಳು.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ವಂದನೆ. ಎರಡೂ ಕೈ ಸರಿಯಾಗಿ ಕೂಡಿಸಿ ಮಾಡುತ್ತಿದ್ದೇನೆ, ನಮಸ್ಕಾರ.

ಇನ್ನು ಮನೆಗೆ ಹೋಗಿ ಕೇಳುವುದೊಂದು ಉಳಿದಿದೆ. ಉಚ್ಚೆಂಗಿ, ಕೈ ಆರಾಮಾತು. ಒಲಿ ಮುಂದ ನನ್ನ ಜಾಗ ಇನ್ನೂ ಐತೇನು?