ಉರ್ಸುಲಜ್ಜಿಯ ತಪ್ಪೊಪ್ಪಿಗೆ

ಕೂತ್ಕೊಳ್ಳಿ, ಹತ್ರ ಬನ್ನಿ. ಏಳು ಕಡಲಿನಾಚೆ, ಆಕಾಶದಿಂದ ಮಂಜು ಸುರಿಯೋ ಒಂದು ದೇಶ. ಹೆಸರು ಕೇಳ್ಬೇಡಿ, ನನಗೆ ಕಥೆ ಹೇಳಿದೋರೂ ಹೇಳ್ಲಿಲ್ಲ. ಅಲ್ಲಿ ಉರ್ಸುಲಜ್ಜಿ ಅಂತ ಒಬ್ಬಳು ಸೂಲಗಿತ್ತಿ. ಪಕ್ಕದ ಮನೆ ಹಸುವಿನ ಹಾಲು ಬತ್ತಿಹೋಯ್ತು. ಗೂಬೆ ಕೂರಿಸಿದ್ದು ಯಾರ ಮೇಲೆ ಹೇಳಿ? ಒಂಟಿ ಮುದುಕಿ ಮೇಲೆ! ಮಾಟಗಾತಿ, ಸೈತಾನನ ಕುಣಿತಕ್ಕೆ ಹೋಗ್ತಾಳೆ ಅಂತ ಎಳ್ಕೊಂಡು ಹೋದ್ರು.

ನ್ಯಾಯ ಹೇಳೋಕೆ ಕೂತೋನು ಲೊರೆಂಜ್. ಅದೇ ಊರಿನ ಗಿರಣಿಯವಳ ಮಗ. ಕೂಸಾಗಿದ್ದಾಗಲೇ ತಾಯಿ ಸತ್ತು, ದೂರದ ಮಠದಲ್ಲಿ ಬೆಳೆದು, ಐವತ್ತು ವರ್ಷದ ಮೇಲೆ ಕರಿ ನಿಲುವಂಗಿ ತೊಟ್ಟು ಬಂದಿದ್ದ. ಅಲ್ಲಿನ ಕಾನೂನು ಕೇಳಿ. ಬಾಯಿಬಿಡೋ ತನಕ ಹಿಂಸೆ. ಕುಣಿತದಲ್ಲಿ ಜೊತೆಗಿದ್ದೋರ ಹೆಸರು ಹೇಳ್ಬೇಕು. ಹೆಸರು ಬಂದೋರೆಲ್ಲ ಅವತ್ತೇ ಸೆರೆಮನೆಗೆ. ಒಮ್ಮೆ ಬರೆದ ಹೆಸರು ಹೊಡೆದು ಹಾಕೋ ಹಾಗಿಲ್ಲ.

ಮೊದಲ ದಿನ ಅಜ್ಜಿಯ ಬೆರಳನ್ನ ಕಬ್ಬಿಣದ ಇಕ್ಕಳದಲ್ಲಿ ಹಿಂಡಿದ್ರು. "ಇಲ್ಲ ಸ್ವಾಮಿ" ಅಂದ್ಳು. ಎರಡನೇ ದಿನ ಹಿಂಡಿದ್ರು. "ಇಲ್ಲ ಸ್ವಾಮಿ." ಮೂರನೇ ದಿನ ತಡೆಯೋಕಾಗ್ಲಿಲ್ಲ. ಆದ್ರೆ ಸೈತಾನನ ಕುಣಿತ ಕಂಡಿದ್ರೆ ತಾನೆ ಹೇಳೋಕೆ? ಬದುಕಿರೋರ ಹೆಸರು ಹೇಳಿದ್ರೆ ಅವರ ಮನೆ ಹಾಳು. ಕಣ್ಣು ಮುಚ್ಚಿ ತನ್ನ ಮದುವೆ ನೆನೆಸ್ಕೊಂಡ್ಳು. ಆ ಮದುವೆಗೆ ಬಂದೋರೆಲ್ಲ ಈಗ ಮಣ್ಣಲ್ಲಿ ಅಂತ್ಲೇ ಅವಳು ನಂಬಿದ್ಳು. ಸತ್ತೋರನ್ನ ಯಾರು ಹಿಡೀತಾರೆ?

"ಎಲ್ಲಿ ಕುಣಿದ್ರಿ?"

"ಸೇಬಿನ ತೋಟದಲ್ಲಿ ಸ್ವಾಮಿ. ತಲೆ ಮೇಲೆ ಹೂ ಉದುರ್ತಿತ್ತು."

"ಏನು ತಿಂದ್ರಿ?"

"ಜೇನು ಹಚ್ಚಿದ ರೊಟ್ಟಿ. ಆ ರುಚಿ ಮತ್ತೆ ಯಾವತ್ತೂ ಸಿಗ್ಲಿಲ್ಲ."

"ಜೊತೆಗೆ ಯಾರಿದ್ರು?"

"ನಮ್ಮ ಯಜಮಾನ್ರು. ಪಿಟೀಲು ಬಾರಿಸೋ ಕುಂಟ ಯಾಕೋಬ. ಗಿರಣಿ ಕತ್ರೀನಾ, ಅವಳ ಸೊಂಟದ ಮೇಲೆ ಕೂಸು ಲೊರೆಂಜ್. ಅಳ್ತಿತ್ತು. ಈ ಬೆರಳನ್ನ ಜೇನಲ್ಲಿ ಅದ್ದಿ ಚೀಪಿಸಿದೆ, ಸುಮ್ಮನಾಯ್ತು."

ಪಕ್ಕದಲ್ಲಿ ಕೂತು ಹೇಳಿಕೆ ಬರ್ಕೊಳ್ತಿದ್ದ ಗುಮಾಸ್ತನ ಕೈ ನಿಂತೇ ಹೋಯ್ತು. "ಸ್ವಾಮಿ, ಹೆಸರು ಬರೆದಾಯ್ತು. ಈಗ ಹಿಡಿಯೋದು ಯಾರನ್ನ?"

ಲೊರೆಂಜ್ ಅಜ್ಜಿ ಕಡೆ ಬಗ್ಗಿದ. ಕಾನೂನಿನ ಪುಸ್ತಕದಲ್ಲಿಲ್ಲದ ನಾಲ್ಕನೇ ಪ್ರಶ್ನೆ ಕೇಳಿದ. "ಅವ್ವ... ಹೇಗಿದ್ಳು?"

ಅಜ್ಜಿ ಆಗ ಕಣ್ಣು ಬಿಟ್ಟು ಅವನ ಮುಖ ನೋಡಿದ್ಳು. "ಆ ಕೂಸು ನೀನೇನಪ್ಪಾ? ನಗ್ತಾ ಇದ್ಳು ಕಣಪ್ಪ. ಕೆನ್ನೆ ಮೇಲೆ ಹಿಟ್ಟು ಮೆತ್ತಿತ್ತು. ನಿನ್ನನ್ನ ಕೆಳಗೆ ಇಳಿಸ್ದೇನೇ ಕುಣಿದ್ಳು."

ಲೊರೆಂಜ್ ಗುಮಾಸ್ತನ ಕಡೆ ತಿರುಗಿದ. "ಕೆಳಗೆ ಬರೀ" ಅಂದ. "ಇದು ಮದುವೆ. ನಾನೂ ಅಲ್ಲಿದ್ದೆ. ನಾನೇ ಸಾಕ್ಷಿ."

ಎದ್ದು ಬಂದು ಇಕ್ಕಳ ತಾನೇ ಬಿಚ್ಚಿದ. ಅಜ್ಜಿ ಬದುಕಿದ್ಳು. ಆ ಬೆರಳು ಮಾತ್ರ ಮತ್ತೆ ಮಡಚ್ಲಿಲ್ಲ.

ಬೇರೆ ಊರಿನ ಅಜ್ಜಿಯರೂ ಹೀಗೇ ತಮ್ಮ ಒಳ್ಳೇ ದಿನಗಳನ್ನ ನೆನೆಸ್ಕೊಂಡು ಹೇಳಿರ್ತಾರೆ. ಅಲ್ಲಿ ಅವರು ಎತ್ತಾಡಿಸಿದ ಕೂಸುಗಳು ಬಂದು ನ್ಯಾಯಕ್ಕೆ ಕೂರ್ಲಿಲ್ಲ, ಆ ಅಜ್ಜಿಯರು ಉಳೀಲಿಲ್ಲ.

ಮಂಜು ಆ ದೇಶದಲ್ಲೇ ಉಳೀತು, ಕಥೆ ನಮ್ಮ ಜಗುಲಿಗೆ ಬಂತು. ಏಳಿ, ನಿಮ್ಮಮ್ಮಂದಿರು ಕಾಯ್ತಿರ್ತಾರೆ. ಹೋಗಿ ಅವರ ಮುಖ ಸರಿಯಾಗಿ ನೋಡ್ಕೊಳ್ಳಿ.