ಆರನೇ ಸಾಲಿನ ಕನ್ನಡಿಗಳು

ತಾಬೆರ್ನಾಸ್ ಊರಿನ ಬ್ರೆಡ್ಡಿನಂಗಡಿಯಲ್ಲಿ, ಬ್ರೆಡ್ಡು ಕೊಳ್ಳಲು ಸಾಲಿನಲ್ಲಿದ್ದ ಕಾಸಿಲ್ದಾಳ ಮುಂದೆ ಇಬ್ಬರು ನಿಂತಿದ್ದರು. ಗೋಪುರದ ತುದಿಯಲ್ಲಿ, ಕನ್ನಡಿಗಳು ಹಾಯಿಸುವ ಬಿಸಿಲಿನ ಕಾವಿನಲ್ಲಿ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಕುಲುಮೆಯ ಕೆಲಸಗಾರರು. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಕಿರಿಯವನಾದ ಹಿನೆಸ್‌ನ ಮುಖ ಬಿಳಿಚಿಕೊಂಡಿತ್ತು.

"ಬ್ಲಾಸಣ್ಣ, ಆರನೇ ಸಾಲಿನ ಕನ್ನಡಿಗಳನ್ನ ನಾನು ನೆಲದ ಕಡೆ ತಿರುಗಿಸಿದ್ನಾ?"

"ನನ್ನ ಕೇಳ್ತೀಯಲ್ಲೋ. ನಿನ್ನೆ ತೊಳೆದವನು ನೀನು."

"ತೊಳೆಯೋಕೆ ಅಂತ ಹತ್ತು ಗಂಟೆಗೆ, ಗೋಪುರದ ಬಾಯಿಗೆ ಬಿಸಿಲು ಹಾಯಿಸ್ತಿದ್ದಾಗಲೇ, ಅವನ್ನ ತಿರುಗಿಸೋ ಕಂಪ್ಯೂಟರಿಂದ ಬಿಡಿಸಿದ್ದೆ. ವಾಪಸ್ ಸೇರಿಸಿದ್ದು ನೆನಪಾಗ್ತಿಲ್ಲ."

"ಹಾಗೇ ನಿಂತಿದ್ರೆ ಇವತ್ತು ಹತ್ತಕ್ಕೆ ಅಷ್ಟೂ ಬಿಸಿಲು ಮತ್ತೆ ಗೋಪುರದ ಬಾಯಿಗೇ ಬೀಳತ್ತೆ."

"ಅದಕ್ಕೇ ಕೇಳಿದ್ದು. ಕುಲುಮೆ ನಿಲ್ಲಿಸಿದಾರಲ್ಲ, ಬಾಯೊಳಗೆ ಯಾರೂ ಇಲ್ಲ ತಾನೆ?"

ಬ್ಲಾಸ್ ಗಡಿಯಾರದ ಕಡೆ ನೋಡಿದ.

"ಅಡೆಲಾ ಇದಾಳೆ. ಬಿರುಕು ಬಿಟ್ಟ ಇಟ್ಟಿಗೆ ಬದಲಾಯಿಸ್ತಿದಾಳೆ."

"ಫೋನ್ ಮಾಡಣ್ಣ."

"ಗೋಪುರ ಹತ್ತೋರು ಫೋನ್ ಕೆಳಗೇ ಇಟ್ಟು ಹೋಗ್ಬೇಕಲ್ಲೋ."

"ಕಂಟ್ರೋಲ್ ರೂಮಿಗೆ ಮಾಡು."

"ಅಲ್ಲಿ ಕೂರೋರು ನಾವಿಬ್ರೇ ಅಲ್ವೇನೋ. ತಿಂಡಿಗೆ ಅಂತ ಇಲ್ಲಿ ಬಂದು ನಿಂತಿದೀವಿ."

ಇಬ್ಬರೂ ಸಾಲು ಬಿಟ್ಟು ಓಡಿದರು. ವ್ಯಾನಿನ ಬಾಗಿಲು ಎಳೆಯುತ್ತಾ ಹಿನೆಸ್ ಅಂದ:

"ಮೋಡ ಬಂದ್ರೆ ದಿನಾ ಬಯ್ತಿದ್ದೆ ಕಣಣ್ಣ."

ವ್ಯಾನು ಹೋಯಿತು. ಕಾಸಿಲ್ದಾ ಬ್ರೆಡ್ಡು ಮರೆತು ಹೊರಗೆ ಬಂದು ತಲೆಯೆತ್ತಿ ನೋಡಿದಳು. ಬೆಟ್ಟದಿಂದ ಬೆಟ್ಟದವರೆಗೆ ಆಕಾಶ ತೊಳೆದಿಟ್ಟ ಹಾಗಿತ್ತು.